ಬೆಂಕಿ ಒಂದು ಕೋಣೆಯಲ್ಲಿ, ಹೊಗೆ ಎಲ್ಲರ ಮೆಟ್ಟಿಲಲ್ಲಿ

2022ರ ಜನವರಿ 9, ಭಾನುವಾರ ಬೆಳಿಗ್ಗೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ 19 ಮಹಡಿಯ ಒಂದು ಬಾಡಿಗೆ ಕಟ್ಟಡ. ಕೆಳಗಿನ ಮನೆಯೊಂದರಲ್ಲಿ ಚಳಿಗೆಂದು ಹಾಕಿಟ್ಟಿದ್ದ ಎಲೆಕ್ಟ್ರಿಕ್ ಹೀಟರ್‌ನಿಂದ ಬೆಂಕಿ ಹೊತ್ತಿತು. ಆ ಮನೆಯವರು ಹೊರಗೆ ಓಡಿ ಬಂದರು. ಅವರ ಹಿಂದೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಿಕೊಳ್ಳಲಿಲ್ಲ. ಬೆಂಕಿ ಹೆಚ್ಚುಕಡಿಮೆ ಆ ಮನೆಯಲ್ಲಿ, ಅದರ ಮುಂದಿನ ಕಾರಿಡಾರ್‌ನಲ್ಲಿ ಮಾತ್ರ ಉಳಿಯಿತು. ಆದರೆ ಹೊಗೆ ಆ ತೆರೆದ ಬಾಗಿಲಿನಿಂದ ಹೊರಬಿತ್ತು, ಮೆಟ್ಟಿಲ ದಾರಿ ಹಿಡಿದು ಮೇಲೇರಿತು. 15ನೇ ಮಹಡಿಯಲ್ಲಿ ಮೆಟ್ಟಿಲ ಬಾಗಿಲೂ ತೆರೆದಿತ್ತು. 17 ಜನ ಸತ್ತರು, ಅವರಲ್ಲಿ 8 ಮಕ್ಕಳು. ಎಲ್ಲರ ಜೀವ ತೆಗೆದದ್ದು ಹೊಗೆ.

ಇದನ್ನು ಓದಿದಾಗಿನಿಂದ ನನಗೆ ಬಿಡದೆ ಕಾಡುವ ಮಾತು ಒಂದೇ. ಸತ್ತವರಲ್ಲಿ ಯಾರೂ ಆ ಹೀಟರ್ ಹಾಕಿಟ್ಟವರಲ್ಲ. ಆ ಬಾಗಿಲು ಕೆಟ್ಟಿದೆ ಅಂತ ಮೇಲಿನ ಮಹಡಿಯವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅವರು ತಮ್ಮ ಮನೆಯೊಳಗೆ ಎಷ್ಟೇ ಎಚ್ಚರಿಕೆಯಿಂದ ಇದ್ದಿದ್ದರೂ ಇದು ತಪ್ಪುತ್ತಿರಲಿಲ್ಲ.

ಬೆಂಕಿಯ ಎಚ್ಚರಿಕೆ ಅಂದರೆ ನಮಗೆ ಸಾಮಾನ್ಯವಾಗಿ ಹೇಳುವುದೇನು? ಸ್ಟವ್ ಆರಿಸಿ, ಸ್ವಿಚ್ ಆಫ್ ಮಾಡಿ, ಮೇಣದಬತ್ತಿ ಹಚ್ಚಿಟ್ಟು ಮಲಗಬೇಡಿ. ಎಲ್ಲವೂ ಸರಿಯೇ. ಆದರೆ ಅದೆಲ್ಲ ಸ್ವಂತ ಮನೆಯಲ್ಲಿ ಒಂದೇ ಕುಟುಂಬ ಇರುವವರಿಗೆ ಹೇಳಿದ ಮಾತು. ಬಾಡಿಗೆ ಮನೆಯಲ್ಲಿ, ಹಾಸ್ಟೆಲ್‌ನಲ್ಲಿ, ನಾಲ್ಕೈದು ಜನ ಸೇರಿ ಹಂಚಿಕೊಂಡ ಫ್ಲಾಟ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಬೆಂಕಿ ಹೊತ್ತುವುದು ಬೇರೆಯವರ ಕೋಣೆಯಲ್ಲಿ. ವೈರಿಂಗ್ ಮಾಡಿಸಿದವರು ಇನ್ಯಾರೋ. ಟೆರೇಸ್ ಬಾಗಿಲಿನ ಬೀಗದ ಕೈ ಇನ್ನೂ ಬೇರೆಯವರ ಜೇಬಿನಲ್ಲಿ. ನಿದ್ದೆ ಮಾಡುತ್ತಿರುವವರು ಮಾತ್ರ ನಾವು. ಹಾಗಾಗಿ ಇಂಥ ಮನೆಗಳಲ್ಲಿ ಉಳಿಯುವುದೋ ಸಾಯುವುದೋ ಅನ್ನುವುದನ್ನು ಬಹಳ ಸಲ ನಿರ್ಧರಿಸುವುದು ನಮ್ಮ ಕೋಣೆಯಲ್ಲ. ಬಾಗಿಲು, ಕಾರಿಡಾರ್, ಮೆಟ್ಟಿಲು. ಎಲ್ಲರೂ ಓಡಾಡುವ, ಯಾರೂ ತಮ್ಮದು ಅಂದುಕೊಳ್ಳದ ಜಾಗಗಳು.

ಇದೇ ಮಾತನ್ನು ಇನ್ನೆರಡು ಕಡೆ ನೋಡಿ. 2023ರ ಸೆಪ್ಟೆಂಬರ್ 12ರ ರಾತ್ರಿ ವಿಯೆಟ್ನಾಂನ ಹನೋಯ್‌ನಲ್ಲಿ ಸಣ್ಣ ಸಣ್ಣ ಫ್ಲಾಟ್‌ಗಳ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಶುರುವಾಗಿದ್ದು ನೆಲಮಹಡಿಯಲ್ಲಿ, ಎಲ್ಲರೂ ಬೈಕ್ ನಿಲ್ಲಿಸುತ್ತಿದ್ದ ಜಾಗದಲ್ಲಿ. ಇಳಿಯಲು ಇದ್ದದ್ದು ಒಂದೇ ಮೆಟ್ಟಿಲು. ಅದು ಇಳಿದು ಸೇರುವುದೂ ಅದೇ ಬೈಕ್‌ಗಳ ನಡುವೆ. ಬಾಲ್ಕನಿಗಳಿಗೆ ಕಳ್ಳರ ಭಯದಿಂದ ಕಬ್ಬಿಣದ ಜಾಲರಿ ಹಾಕಿದ್ದರು. 56 ಜನ ಸತ್ತರು. ಮರುವರ್ಷ, 2024ರ ಜೂನ್ 12ರ ನಸುಕಿನಲ್ಲಿ, ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ಒಟ್ಟಿಗಿದ್ದ ಕಟ್ಟಡ ಹೊತ್ತಿಕೊಂಡಿತು. ಸತ್ತವರಲ್ಲಿ 40ಕ್ಕೂ ಹೆಚ್ಚು ಜನ ಭಾರತೀಯರು. ಅಲ್ಲೂ ಬೆಂಕಿ ಶುರುವಾಗಿದ್ದು ನೆಲಮಹಡಿಯಲ್ಲೇ. ಕೋಣೆಗಳನ್ನು ಬೇರೆ ಮಾಡಲು ಹಾಕಿದ್ದ ಅಡ್ಡಗೋಡೆಗಳು ಸುಲಭವಾಗಿ ಉರಿಯುವಂಥವು, ಹಾಗಾಗಿ ದಟ್ಟ ಕಪ್ಪು ಹೊಗೆ ಎದ್ದಿತು ಎಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಮೆಟ್ಟಿಲ ತುಂಬ ಹೊಗೆ. ಮೇಲೆ ಹೋಗೋಣ ಅಂದರೆ ಟೆರೇಸ್ ಬಾಗಿಲಿಗೆ ಬೀಗ.

ಮೂರು ದೇಶ, ಮೂರು ಬಗೆಯ ಕಟ್ಟಡ. ಮುಚ್ಚದ ಬಾಗಿಲು, ತುಂಬಿಹೋದ ಮೆಟ್ಟಿಲು, ತೆರೆಯದ ಬೀಗ. ಬೆಂಕಿ ಹೇಗೆ ಹೊತ್ತಿತು ಅನ್ನುವುದು ಮೂರು ಕಡೆಯೂ ಬೇರೆ ಬೇರೆ. ಜನ ಯಾಕೆ ಸತ್ತರು ಅನ್ನುವುದು ಹೆಚ್ಚುಕಡಿಮೆ ಒಂದೇ.

ನಮಗೆ ಎಷ್ಟು ಸಮಯ ಸಿಗುತ್ತದೆ ಅನ್ನುವುದನ್ನೂ ಸರಿಯಾಗಿ ತಿಳಿದುಕೊಳ್ಳಬೇಕು. ವಸ್ತುಗಳ ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಯುಎಲ್ ಸಂಸ್ಥೆ ಒಂದು ಪ್ರಯೋಗ ಮಾಡಿತ್ತು. ಒಂದು ಕೋಣೆಯಲ್ಲಿ ಹಳೇ ಕಾಲದ ಮರ, ಹತ್ತಿಯ ಪೀಠೋಪಕರಣ. ಇನ್ನೊಂದರಲ್ಲಿ ಈಗಿನ ಫೋಮ್ ಸೋಫಾ, ಸಿಂಥೆಟಿಕ್ ಪರದೆ. ಎರಡಕ್ಕೂ ಒಂದೇ ರೀತಿ ಬೆಂಕಿ ಹಚ್ಚಿದರು. ಹಳೇ ಕೋಣೆ ಪೂರ್ತಿ ಹೊತ್ತಿಕೊಳ್ಳಲು 29 ನಿಮಿಷಕ್ಕೂ ಜಾಸ್ತಿ ಬೇಕಾಯಿತು. ಹೊಸ ಕೋಣೆ 4 ನಿಮಿಷದೊಳಗೆ ಪೂರ್ತಿ ಉರಿಯುತ್ತಿತ್ತು. ಫೋಮ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ನಾಲ್ಕೈದು ಉಸಿರಿನಲ್ಲೇ ತಲೆ ಸುತ್ತಬಹುದು, ದಾರಿ ತಪ್ಪಬಹುದು. ಹಾಗಾಗಿ "ಬೆಂಕಿ ಬಿದ್ದರೆ ಆಗ ನೋಡಿಕೊಳ್ಳೋಣ" ಅನ್ನುವುದಕ್ಕೆ ಈಗ ಅವಕಾಶವೇ ಇಲ್ಲ. ಆಗ ನೋಡಿಕೊಳ್ಳಲು ಸಿಗುವುದು ಒಂದೆರಡು ನಿಮಿಷ, ಅದೂ ನಾವು ಎಚ್ಚರವಾಗಿದ್ದರೆ.

ಎಚ್ಚರವಾಗುತ್ತೇವಾ? ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಅಂತ ನಂಬಿದವರು ತುಂಬ ಜನ ಇದ್ದಾರೆ. ಆ ನಂಬಿಕೆ ತಪ್ಪು. ನಿದ್ದೆಯಲ್ಲಿ ಮೂಗು ನಮ್ಮನ್ನು ಎಬ್ಬಿಸುತ್ತದೆ ಅಂತ ನೆಚ್ಚಿಕೊಳ್ಳುವಂತಿಲ್ಲ. ಕಿವಿ ಎಬ್ಬಿಸುತ್ತದೆ. ಸ್ಮೋಕ್ ಅಲಾರಂ ಬೇಕಾಗುವುದು ಇದಕ್ಕೇ. ಇದು ದೊಡ್ಡ ಯಂತ್ರವಲ್ಲ, ಚಾವಣಿಗೆ ಅಂಟಿಸುವ ಅಂಗೈ ಅಗಲದ ಡಬ್ಬಿ. ಅಮೆರಿಕದ ಅಂಕಿಅಂಶಗಳ ಪ್ರಕಾರ, ಕೆಲಸ ಮಾಡುವ ಅಲಾರಂ ಇರುವ ಮನೆಗಳಲ್ಲಿ ಬೆಂಕಿ ಬಿದ್ದಾಗ ಸಾಯುವ ಸಾಧ್ಯತೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. "ಕೆಲಸ ಮಾಡುವ" ಅನ್ನುವ ಮಾತನ್ನು ಗಮನಿಸಿ. ತಿಂಗಳಿಗೊಮ್ಮೆ ಅದರ ಬಟನ್ ಒತ್ತಿ ನೋಡಬೇಕು. ಹತ್ತು ವರ್ಷವಾದ ಮೇಲೆ ಸದ್ದು ಬರುತ್ತಿದ್ದರೂ ಬದಲಾಯಿಸಬೇಕು, ಯಾಕೆಂದರೆ ಒಳಗಿನ ಸೆನ್ಸರ್ ಹಳತಾಗುತ್ತದೆ. ತಯಾರಾದ ತಾರೀಕು ಡಬ್ಬಿಯ ಬೆನ್ನಿಗೆ ಅಚ್ಚಾಗಿರುತ್ತದೆ.

ಹಂಚಿಕೊಂಡ ಮನೆಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಅಡುಗೆಮನೆಯ ಪಕ್ಕದಲ್ಲೇ ಅಲಾರಂ ಇದ್ದರೆ ಒಗ್ಗರಣೆಗೂ ಕೂಗುತ್ತದೆ. ಮೂರನೇ ಸಲ ಕೂಗಿದಾಗ ಯಾರೋ ಒಬ್ಬರು ಬ್ಯಾಟರಿ ತೆಗೆದು ಡ್ರಾಯರ್‌ಗೆ ಹಾಕುತ್ತಾರೆ. ಉಳಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಬ್ರಾಂಕ್ಸ್‌ನ ಆ ಕಟ್ಟಡದ ನಿವಾಸಿಗಳೂ ಇದನ್ನೇ ಹೇಳಿದ್ದರು: ಅಲ್ಲಿ ಅಲಾರಂ ಎಷ್ಟು ಸಲ ಸುಮ್ಸುಮ್ನೆ ಕೂಗುತ್ತಿತ್ತೆಂದರೆ, ಆ ದಿನ ಕೂಗಿದಾಗಲೂ ಹಲವರು ತಲೆ ಕೆಡಿಸಿಕೊಳ್ಳಲಿಲ್ಲ. ಜನರ ಅಸಡ್ಡೆ ಅಂತ ಬೈದು ಇದನ್ನು ಸರಿಮಾಡಲು ಆಗುವುದಿಲ್ಲ. ಅಲಾರಂ ಇಟ್ಟ ಜಾಗ ಬದಲಿಸಬೇಕು. ಅಡುಗೆಮನೆಯಿಂದ ದೂರ, ಮಲಗುವ ಕೋಣೆಗಳ ಹೊರಗೆ, ಸಾಧ್ಯವಿದ್ದರೆ ಪ್ರತಿ ಕೋಣೆಯೊಳಗೂ. ಫೋಟೋಎಲೆಕ್ಟ್ರಿಕ್ ಬಗೆಯದು, ಅಂದರೆ ಬೆಳಕಿನ ಸಹಾಯದಿಂದ ಹೊಗೆ ಗುರುತಿಸುವಂಥದ್ದು, ಅಡುಗೆಯ ಹೊಗೆಗೆ ಕಡಿಮೆ ಕೂಗುತ್ತದೆ, ಹಾಸಿಗೆ ಅಥವಾ ಸೋಫಾ ಒಳಗೊಳಗೇ ಕರಕಲಾಗುವ ಹೊಗೆಯನ್ನು ಬೇಗ ಹಿಡಿಯುತ್ತದೆ. ಕೋಣೆಕೋಣೆಗೆ ಬಾಗಿಲು ಹಾಕಿ ಮಲಗುವ ಮನೆಗೆ ಒಂದಕ್ಕೊಂದು ಜೋಡಿಸಿದ ಅಲಾರಂಗಳು ತುಂಬ ಒಳ್ಳೆಯವು. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಕಿವಿ ಸರಿಯಾಗಿ ಕೇಳದವರು ಜೊತೆಯಲ್ಲಿದ್ದರೆ, ದಿಂಬಿನ ಕೆಳಗೆ ಇಟ್ಟು ಅಲುಗುವಂಥದ್ದು, ಜೋರಾಗಿ ಮಿನುಗುವ ದೀಪ ಇರುವಂಥದ್ದು ಸಿಗುತ್ತದೆ. ಅದು ಬೇಕು ಅಂತ ಅವರೇ ಬಾಯಿಬಿಟ್ಟು ಕೇಳುವವರೆಗೂ ಕಾಯಬೇಡಿ.

ಈಗ ಬಾಗಿಲಿನ ವಿಷಯ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಇದಕ್ಕೆ ಓನರ್ ಒಪ್ಪಿಗೆ ಬೇಡ, ಹಣವೂ ಬೇಡ. ಅಮೆರಿಕದ ಫೈರ್ ಸೇಫ್ಟಿ ರಿಸರ್ಚ್ ಇನ್‌ಸ್ಟಿಟ್ಯೂಟ್ ನಿಜವಾದ ಮನೆಗಳಿಗೆ ಬೆಂಕಿ ಹಚ್ಚಿ ಅಳೆದು ತೋರಿಸಿದೆ. ಒಂದೇ ಮನೆ, ಅಕ್ಕಪಕ್ಕದ ಎರಡು ಕೋಣೆ. ಬಾಗಿಲು ತೆರೆದಿದ್ದ ಕೋಣೆಯಲ್ಲಿ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟಿತು. ಬಾಗಿಲು ಮುಚ್ಚಿದ್ದ ಕೋಣೆಯಲ್ಲಿ 40 ಡಿಗ್ರಿಯ ಆಸುಪಾಸು. ಹೊಗೆಯ ವಿಷದಲ್ಲೂ ಹೀಗೇ ಅಜಗಜಾಂತರ. ಹಾಗಂತ ಅದೇನು ವಿಶೇಷ ಬಾಗಿಲಲ್ಲ, ಮನೆಯಲ್ಲಿರುವ ಸಾಮಾನ್ಯ ಬಾಗಿಲು. ರಾತ್ರಿ ಮಲಗುವಾಗ ಕೋಣೆಯ ಬಾಗಿಲು ಮುಚ್ಚಿ. ಬೆಂಕಿಯಿಂದ ಓಡುವಾಗ ಹಿಂದೆ ಬಾಗಿಲು ಎಳೆದುಕೊಂಡು ಓಡಿ. ಒಳಗೆ ಯಾರೂ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆ ಬಾಗಿಲು ಎಳೆಯಲು ಹಿಡಿಯುವ ಆ ಒಂದು ಸೆಕೆಂಡ್, ಮೇಲಿನ ಮಹಡಿಗಳಲ್ಲಿ ಇರುವವರಿಗೆ ಕೊಡುವ ಸಮಯ.

ಮೆಟ್ಟಿಲ ಬಾಗಿಲಿಗೂ, ದೊಡ್ಡ ಕಟ್ಟಡಗಳಲ್ಲಿ ಮನೆಯ ಮುಂಬಾಗಿಲಿಗೂ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಅಥವಾ ಕ್ಲೋಸರ್ ಹಾಕಿರುತ್ತಾರೆ. ಗಾಳಿ ಬರಲಿ ಅಂತ ಅದಕ್ಕೆ ಇಟ್ಟಿಗೆಯನ್ನೋ ಚಪ್ಪಲಿಯನ್ನೋ ಒತ್ತಾಗಿ ಇಡುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಸಾಮಾನು ಸಾಗಿಸಿದ ದಿನ ಇಟ್ಟ ಇಟ್ಟಿಗೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದನ್ನು ತೆಗೆಯಿರಿ. ಕ್ಲೋಸರ್ ಕೆಲಸ ಮಾಡುತ್ತಿದೆಯೇ ಅಂತ ನೋಡುವುದೂ ಸುಲಭ. ಬಾಗಿಲನ್ನು ಅರ್ಧ ತೆರೆದು ಕೈ ಬಿಡಿ. ಪೂರ್ತಿ ಹೋಗಿ ಚಿಲಕ ಕೂರಬೇಕು. ಒಂದಿಷ್ಟು ಸಂದಿ ಉಳಿದರೂ ಅದು ಕೆಟ್ಟಿದೆ ಅಂತಲೇ ಲೆಕ್ಕ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡ 2017ರಲ್ಲಿ ಉರಿದ ದುರಂತದ ನಂತರ ಇಂಗ್ಲೆಂಡಿನಲ್ಲಿ ಬಂದ ನಿಯಮದ ಪ್ರಕಾರ, 11 ಮೀಟರ್‌ಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಎಲ್ಲರೂ ಬಳಸುವ ಜಾಗದ ಬಾಗಿಲುಗಳನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಲೇಬೇಕು. ಬಾಗಿಲಿನಂಥ ಸಾಮಾನ್ಯ ವಸ್ತುವಿಗೆ ಕಾನೂನು ಇಷ್ಟು ಗಮನ ಕೊಡಲು 72 ಜನ ಸಾಯಬೇಕಾಯಿತು.

ಬೀಗದ ಬಗ್ಗೆ ನನ್ನದೇ ಒಂದು ಅನುಭವ ಇದೆ. ಹಿಂದೆ ನಾವು ಐದು ಜನ ಹಂಚಿಕೊಂಡಿದ್ದ ಮನೆಯಲ್ಲಿ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿರುತ್ತಿತ್ತು. ಬೀಗದ ಕೈ ಓನರ್ ಹತ್ತಿರ. ಒಂದು ರಾತ್ರಿ ಕೆಳಗಿನ ಮೀಟರ್ ಬೋರ್ಡ್ ಸುಟ್ಟು ಮುಂದಿನ ಮೆಟ್ಟಿಲ ತುಂಬ ಹೊಗೆ ತುಂಬಿಕೊಂಡಿತು. ಯಾರೋ ಮೇನ್ ಸ್ವಿಚ್ ಆಫ್ ಮಾಡಿದರು, ಅಷ್ಟಕ್ಕೇ ನಿಂತಿತು. ಆದರೆ ಕತ್ತಲಲ್ಲಿ ಆ ಹಿಂಬಾಗಿಲನ್ನು ಎಳೆಯುತ್ತ ನಿಂತ ಐದು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಮಾರನೇ ದಿನ ಓನರ್‌ಗೆ ಹೇಳಿದಾಗ ಅವರಿಗೆ ಇದ್ದದ್ದು ಕಳ್ಳರ ಭಯ. ಅದೂ ಸುಳ್ಳು ಭಯವಲ್ಲ. ಕೊನೆಗೆ ಬೀಗ ತೆಗೆಸಿ, ಒಳಗಿನಿಂದ ಕೈಯಲ್ಲೇ ತಿರುಗಿಸಿ ತೆಗೆಯುವ ಚಿಲಕ ಹಾಕಿಸಿದೆವು. ಹೊರಗಿನವರು ಬರುವಂತಿಲ್ಲ, ಒಳಗಿನವರು ಕೀಲಿ ಹುಡುಕಬೇಕಿಲ್ಲ. ಕಳ್ಳರ ಭಯ ಬೆಂಕಿಯ ಭಯ ಎರಡಕ್ಕೂ ಒಂದೇ ಉತ್ತರ ಬಹಳ ಸಲ ಸಿಗುತ್ತದೆ, ಕೇಳಬೇಕಷ್ಟೇ. ಕಿಟಕಿಯ ಗ್ರಿಲ್‌ಗೂ ಹೀಗೇ. ಒಳಗಿನಿಂದ ತೆರೆಯುವ ಒಂದು ಭಾಗ ಅದರಲ್ಲಿ ಇರಬೇಕು. ಟೆರೇಸ್‌ಗೆ ಬೀಗ ಬೇಕೇ ಬೇಕು ಅಂದರೂ ಒಳಗಿನಿಂದ ಕೀಲಿ ಇಲ್ಲದೆ ತೆರೆಯುವಂತಿರಬೇಕು.

ವಿದ್ಯುತ್ ವಿಷಯಕ್ಕೆ ಬಂದರೆ, ಎಲ್ಲ ಬೆಂಕಿಗೂ "ಶಾರ್ಟ್ ಸರ್ಕ್ಯೂಟ್" ಅನ್ನುವ ಒಂದೇ ಹೆಸರು ಕೊಟ್ಟುಬಿಡುತ್ತೇವೆ. ನಿಜವಾದ ಶಾರ್ಟ್ ಸರ್ಕ್ಯೂಟ್ ಆದರೆ ಸರಿಯಾದ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಕ್ಷಣದಲ್ಲಿ ಟ್ರಿಪ್ ಆಗುತ್ತದೆ. ಕಷ್ಟ ಇರುವುದು ಸಡಿಲ ಜಾಯಿಂಟ್‌ನಲ್ಲಿ. ಸಾಕೆಟ್ ಒಳಗೆ ಒಂದು ತಂತಿ ಸ್ವಲ್ಪ ಸಡಿಲವಾಗಿದೆ ಅಂದುಕೊಳ್ಳಿ. ಹರಿಯುವ ಕರೆಂಟ್ ಮಾಮೂಲಿಯಷ್ಟೇ ಇರುತ್ತದೆ, ಆದ್ದರಿಂದ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ಆ ಸಡಿಲ ಜಾಗ ಮಾತ್ರ ಬಿಸಿಯಾಗುತ್ತ ಹೋಗುತ್ತದೆ, ದಿನಗಟ್ಟಲೆ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 9 ಆಂಪ್. ಫೋನ್ ಚಾರ್ಜ್ ಮಾಡಲು ತಂದ ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಅದನ್ನು ತಡೆಯುವುದಿಲ್ಲ. ಅದನ್ನು ಚಾಪೆಯ ಕೆಳಗೆ, ಮಂಚದ ಕೆಳಗೆ ತೂರಿಸಿದರೆ ಬಿಸಿ ಹೊರಹೋಗಲೂ ಜಾಗವಿಲ್ಲ.

ಹಂಚಿಕೊಂಡ ಮನೆಗಳಲ್ಲಿ ಇದಕ್ಕಿಂತ ಅಪಾಯದ ಅಭ್ಯಾಸ ಒಂದಿದೆ. ಎಲ್ಲರೂ ಒಟ್ಟಿಗೆ ಹೀಟರ್, ಇಸ್ತ್ರಿಪೆಟ್ಟಿಗೆ ಹಾಕಿದಾಗ ಎಂಸಿಬಿ ಟ್ರಿಪ್ ಆಗುತ್ತದೆ. ಎರಡು ದಿನ ಸಹಿಸಿ, ಮೂರನೇ ದಿನ "ದೊಡ್ಡದು" ಹಾಕಿಸುತ್ತಾರೆ. ಫ್ಯೂಸ್ ಇದ್ದರೆ ದಪ್ಪ ತಂತಿ ಕಟ್ಟುತ್ತಾರೆ. ಆಮೇಲೆ ಟ್ರಿಪ್ ಆಗುವುದಿಲ್ಲ, ಎಲ್ಲರಿಗೂ ಸಮಾಧಾನ. ಆದರೆ ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ವೈರ್ ಹಳೆಯದೇ ಇದ್ದು ಎಂಸಿಬಿ ಮಾತ್ರ ದೊಡ್ಡದಾದರೆ, ಮೊದಲು ಬಿಸಿಯಾಗುವುದು ಗೋಡೆಯೊಳಗಿನ ವೈರ್. ಪದೇ ಪದೇ ಟ್ರಿಪ್ ಆಗುವುದು ತೊಂದರೆಯಲ್ಲ, ತೊಂದರೆಯ ಸುದ್ದಿ. ಇನ್ನು ಬೆಚ್ಚಗಾಗುವ ಸ್ವಿಚ್, ಕಂದು ಬಣ್ಣಕ್ಕೆ ತಿರುಗಿದ ಪ್ಲಗ್, ಜುಂಯ್ ಅನ್ನುವ ಸಾಕೆಟ್, ಮೀನಿನಂಥ ಸುಟ್ಟ ವಾಸನೆ, ಇನ್ನೊಂದು ಉಪಕರಣ ಹಾಕಿದಾಗ ಮಂಕಾಗುವ ದೀಪ, ಇವನ್ನು ಕಂಡ ದಿನವೇ ಆ ಸಾಕೆಟ್ ಬಳಸುವುದು ಬಿಟ್ಟು ಎಲೆಕ್ಟ್ರಿಷಿಯನ್‌ನ ಕರೆಸಿ.

ಹೊಸದಾಗಿ ಸೇರಿಕೊಂಡಿರುವ ಅಪಾಯ ಲಿಥಿಯಂ ಬ್ಯಾಟರಿ. ಎಲೆಕ್ಟ್ರಿಕ್ ಸೈಕಲ್, ಸ್ಕೂಟರ್‌ಗಳ ಬ್ಯಾಟರಿ ಬೆಂಕಿಯಿಂದ ನ್ಯೂಯಾರ್ಕ್ ನಗರವೊಂದರಲ್ಲೇ 2023ರಲ್ಲಿ 18 ಜನ ಸತ್ತರು. ಬ್ಯಾಟರಿಯ ಒಂದು ಸೆಲ್ ಕೆಟ್ಟು ಬಿಸಿಯಾದರೆ ಪಕ್ಕದ ಸೆಲ್‌ಗೂ ಬಿಸಿ ತಗುಲುತ್ತದೆ, ಸರಪಳಿಯಂತೆ. ಉರಿ ಸೆಕೆಂಡುಗಳಲ್ಲಿ ಜೋರಾಗುತ್ತದೆ, ಆರಿಸಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಬಾಡಿಗೆಯವರು ಚಾರ್ಜ್‌ಗೆ ಹಾಕುವುದು ಎಲ್ಲಿ? ಕೋಣೆಯಲ್ಲಿ ಜಾಗ ಇರುವುದಿಲ್ಲ. ಹಾಗಾಗಿ ಮುಂಬಾಗಿಲ ಹತ್ತಿರ, ಪ್ಯಾಸೇಜ್‌ನಲ್ಲಿ, ಮೆಟ್ಟಿಲ ಕೆಳಗೆ, ಅದೂ ರಾತ್ರಿ. ಅಂದರೆ ತಪ್ಪಿಸಿಕೊಳ್ಳುವ ದಾರಿಯ ನಡುಮಧ್ಯೆ, ಎಲ್ಲರೂ ಮಲಗಿರುವಾಗ. ಇದಕ್ಕೆ ನಾವು ನಾವೇ ಮಾಡಿಕೊಳ್ಳಬಹುದಾದ ನಿಯಮ ಇಷ್ಟು: ದಾರಿಯಲ್ಲಿ ಚಾರ್ಜಿಂಗ್ ಬೇಡ, ನಿದ್ದೆಯ ಹೊತ್ತಿನಲ್ಲಿ ಬೇಡ, ಕಂಪನಿ ಕೊಟ್ಟ ಚಾರ್ಜರ್ ಬಿಟ್ಟು ಬೇರೆ ಬೇಡ. ಉಬ್ಬಿದ, ಬಿದ್ದು ಪೆಟ್ಟಾದ ಬ್ಯಾಟರಿ ಮನೆಯೊಳಗೇ ಬೇಡ.

ಅಡುಗೆಮನೆಯ ಬಗ್ಗೆ ಎಲ್ಲರಿಗೂ ಗೊತ್ತಿದೆ, ಉದ್ದ ಹೇಳುವುದಿಲ್ಲ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ನೀರು ಕ್ಷಣದಲ್ಲಿ ಆವಿಯಾಗಿ ಹಿಗ್ಗಿ, ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಉರಿ ಆರಿಸಿ, ಮುಚ್ಚಳ ಮುಚ್ಚಿ, ಬಾಣಲೆಯನ್ನು ಅಲ್ಲೇ ಬಿಡಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ ಎಲ್‌ಪಿಜಿ ಆದರೆ ನೆಲದ ಮೇಲೇ ನಿಲ್ಲುತ್ತದೆ. ವಾಸನೆ ಬಂದಾಗ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಸಾಧ್ಯವಾದರೆ ಗ್ಯಾಸ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಎಲ್ಲರನ್ನೂ ಹೊರಗೆ ಕಳಿಸಿ.

ಇಷ್ಟು ಹೊತ್ತು ನಾವು ಮಾಡಬೇಕಾದ್ದನ್ನೇ ಹೇಳಿದೆ. ಆದರೆ ಎಲ್ಲ ಭಾರವನ್ನೂ ಬಾಡಿಗೆದಾರರ ತಲೆಗೆ ಕಟ್ಟಿದರೆ ಅದು ಅನ್ಯಾಯ. ಮುಖ್ಯವಾದ ಖರ್ಚುಗಳೆಲ್ಲ ಮಾಲೀಕರ ಕೈಯಲ್ಲಿವೆ: ವೈರಿಂಗ್, ಎರಡನೇ ದಾರಿ, ಬಾಗಿಲು, ಅಲಾರಂ. ಇನ್ನೊಂದು ವರ್ಷಕ್ಕೆ ಬಿಟ್ಟುಹೋಗುವ ಬಾಡಿಗೆದಾರ ಗೋಡೆಯೊಳಗಿನ ವೈರ್ ಬದಲಾಯಿಸುವುದಿಲ್ಲ, ಬದಲಾಯಿಸಲು ಅವನಿಗೆ ಹಕ್ಕೂ ಇಲ್ಲ. ಅಲ್ಲಿ ಮಲಗದ ಮಾಲೀಕರಿಗೆ ಅದರ ಅವಸರವೂ ಕಾಣುವುದಿಲ್ಲ. ಈ ನಡುವಿನ ಸಂದಿಯನ್ನು ತುಂಬಲು ಕಾನೂನೇ ಬೇಕು. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಪ್ರತಿ ಮಹಡಿಗೂ ಸ್ಮೋಕ್ ಅಲಾರಂ ಹಾಕುವುದು ಮಾಲೀಕರ ಹೊಣೆ. 2022ರ ಅಕ್ಟೋಬರ್ 1ರಿಂದ, ಕೆಟ್ಟಿದೆ ಅಂತ ತಿಳಿಸಿದರೆ ಸರಿಪಡಿಸುವುದೂ ಅವರದೇ. ಸುಮ್ನೆ ಸಲಹೆ ಕೊಡುವುದಕ್ಕೂ ಹೊಣೆ ಹೊರಿಸುವುದಕ್ಕೂ ಇರುವ ವ್ಯತ್ಯಾಸ ಇದು.

ದೂರು ಕೊಟ್ಟರೆ ಮನೆ ಖಾಲಿ ಮಾಡಿಸುತ್ತಾರೇನೋ ಅನ್ನುವ ಭಯ ನಿಜವಾದದ್ದು. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನ ನಿವಾಸಿಗಳ ಗುಂಪು ಸುಮ್ಮನಿರಲಿಲ್ಲ. ದೊಡ್ಡದೊಂದು ಅನಾಹುತ ಆಗದೆ ನಮ್ಮ ಆಡಳಿತದವರ ಕೈಲಾಗದತನ ಹೊರಗೆ ಬರುವುದಿಲ್ಲ ಎಂಬ ಅರ್ಥದಲ್ಲಿ 2016ರ ನವೆಂಬರ್‌ನಲ್ಲೇ ಬರೆದು ಎಚ್ಚರಿಸಿತ್ತು. ಏಳು ತಿಂಗಳಾದ ಮೇಲೆ, 2017ರ ಜೂನ್ 14ರಂದು, ಆ ಕಟ್ಟಡ ಉರಿಯಿತು. ಅವರು ಬರೆದಿಟ್ಟಿದ್ದರಿಂದ "ನಮಗೆ ಯಾರೂ ಹೇಳಿರಲಿಲ್ಲ" ಅನ್ನಲು ಆಮೇಲೆ ಯಾರಿಗೂ ಆಗಲಿಲ್ಲ. ಆದ್ದರಿಂದ ಬಾಯಿಮಾತಲ್ಲಿ ಬಿಡಬೇಡಿ. ಫೋಟೋ ಹಾಕಿ, ತಾರೀಕು ಹಾಕಿ, ಮೆಸೇಜ್‌ನಲ್ಲೋ ಪತ್ರದಲ್ಲೋ ಬರೆಯಿರಿ. ಒಬ್ಬರ ಹೆಸರಲ್ಲಿ ಬೇಡ, ಮನೆಯ ಎಲ್ಲರ ಹೆಸರಲ್ಲಿ ಕಳಿಸಿ. ಕೇಳುವುದನ್ನು ಸ್ಪಷ್ಟವಾಗಿ ಕೇಳಿ: "ಮನೆ ಸುರಕ್ಷಿತವಾಗಿಲ್ಲ" ಅನ್ನುವುದಕ್ಕಿಂತ "ಎರಡನೇ ಮಹಡಿಯ ಮೆಟ್ಟಿಲ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ, ಈ ವಾರ ಸರಿಮಾಡಿಸಿ" ಅನ್ನುವ ಮಾತಿಗೆ ಉತ್ತರ ಕೊಡಲೇಬೇಕಾಗುತ್ತದೆ. ಬಗ್ಗದಿದ್ದರೆ ಅಗ್ನಿಶಾಮಕ ದಳಕ್ಕೋ ಸ್ಥಳೀಯ ಆಡಳಿತಕ್ಕೋ ಅದೇ ಪತ್ರದ ಪ್ರತಿ.

ಗ್ರೆನ್‌ಫೆಲ್ ಇನ್ನೊಂದು ಕಷ್ಟದ ಪ್ರಶ್ನೆಯನ್ನೂ ಮುಂದಿಟ್ಟಿತು. ಓಡಬೇಕಾ, ಒಳಗೇ ಇರಬೇಕಾ? ಅಲ್ಲಿ ನಿವಾಸಿಗಳಿಗೆ ಮೊದಲು ಹೇಳಿದ್ದು ಮನೆಯೊಳಗೇ ಇರಿ ಅಂತ. ಪ್ರತಿ ಮನೆಯ ಗೋಡೆ, ಬಾಗಿಲು ಬೆಂಕಿಯನ್ನು ತಡೆಯುತ್ತದೆ ಅನ್ನುವ ಲೆಕ್ಕ ಅದು. ಆದರೆ ಹೊರಗೋಡೆಗೆ ಹೊದಿಸಿದ್ದ ಹಲಗೆಗಳೇ ಉರಿದವು. ಲೆಕ್ಕ ತಪ್ಪಿತ್ತು. ಸಲಹೆ ಬದಲಾಗಲು ಮೊದಲ ಕರೆಯಿಂದ ಸುಮಾರು ಎರಡು ತಾಸು ಹಿಡಿಯಿತು. ಹಾಗಾಗಿ ಒಂದೇ ಸಾಲಿನ ಉತ್ತರ ಯಾರೂ ಕೊಡಲಾರರು. ನಿಮ್ಮ ಕಟ್ಟಡದ ಯೋಜನೆ ಏನು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಬೆಂಕಿ ನಿಮ್ಮ ಮನೆಯಲ್ಲೇ ಆದರೆ ಹೊರಡಿ, ಬಾಗಿಲು ಮುಚ್ಚಿ, ಲಿಫ್ಟ್ ಬೇಡ. ಹೊಗೆ ಇದ್ದರೆ ತಲೆ ತಗ್ಗಿಸಿ, ತೆವಳಿ. ಬೇರೆ ಕಡೆ ಆಗಿದ್ದರೆ ಬಾಗಿಲು ತೆರೆಯುವ ಮೊದಲು ಹಿಂಗೈಯಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ, ಸಂದಿಯಲ್ಲಿ ಹೊಗೆ ಬರುತ್ತಿದ್ದರೆ ತೆರೆಯಬೇಡಿ. ಒದ್ದೆ ಬಟ್ಟೆಯಿಂದ ಸಂದಿ ಮುಚ್ಚಿ, ಕಿಟಕಿಯ ಹತ್ತಿರ ಹೋಗಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ನೀವಿರುವ ಕಡೆಗೇ ಬೆಂಕಿ ಬರುತ್ತಿದ್ದು ದಾರಿ ಇನ್ನೂ ತೆರೆದಿದ್ದರೆ, ಯಾರ ಸಲಹೆಗೂ ಕಾಯದೆ ಹೊರಡಿ.

ಇದನ್ನು ಒಂದು ಸಂಜೆ ಮನೆಯವರೆಲ್ಲ ಸೇರಿ ಮಾಡಿ ನೋಡಬಹುದು. ದೀಪ ಆರಿಸಿ, ಗೋಡೆಯ ಮೇಲೆ ಒಂದು ಕೈ ಇಟ್ಟುಕೊಂಡು, ನಿಮ್ಮ ಕೋಣೆಯಿಂದ ಮೆಟ್ಟಿಲವರೆಗೆ ಹೋಗಿ. ಎಷ್ಟು ಬಾಗಿಲು ದಾಟಿದಿರಿ ಅಂತ ಎಣಿಸಿ. ಕಾಲಿಗೆ ಏನು ತಗುಲಿತೋ ಅದನ್ನು ಅವತ್ತೇ ಅಲ್ಲಿಂದ ಎತ್ತಿಡಿ. ಬೀದಿಯಲ್ಲಿ ಎಲ್ಲರೂ ಬಂದು ಸೇರುವ ಜಾಗ ಒಂದನ್ನು ಗುರುತು ಮಾಡಿ, ಒಳಗೆ ಯಾರು ಉಳಿದಿದ್ದಾರೆ ಅಂತ ಅಗ್ನಿಶಾಮಕದವರಿಗೆ ಹೇಳಲು ಆ ಎಣಿಕೆ ಬೇಕಾಗುತ್ತದೆ. ಫೋನ್‌ನಲ್ಲಿ ಹೇಳಬೇಕಾದ ವಿಳಾಸ, ಮಹಡಿ, ಮತ್ತು ಕಿಟಕಿ ಯಾವ ಬೀದಿಯ ಕಡೆಗಿದೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಒಳಗಡೆ ಅಂಟಿಸಿ. ನಿನ್ನೆಯಷ್ಟೇ ಬಂದು ಸೇರಿಕೊಂಡ ಹೊಸ ರೂಮ್‌ಮೇಟ್‌ಗೆ ಇನ್ನೂ ಆ ವಿಳಾಸ ಬಾಯಿಗೆ ಬಂದಿರುವುದಿಲ್ಲ.